ಮುಖ ನೋಡದೆ ಹಾಕಿದ ಸಹಿ

ಪೆಣ್ಣಮ್ಮ ಚೇಡತ್ತಿ ಇಲಂಜಿಪ್ಪಾರದ ಒಂದು ಸಾವಿನ ಮನೆಯನ್ನೂ ತಪ್ಪಿಸಿದವರಲ್ಲ. ಮೂವತ್ತು ವರ್ಷ ಹೋದರು. ಆದರೆ ಆ ಮೂವತ್ತು ವರ್ಷಗಳಲ್ಲಿ ಅವರು ಒಂದೇ ಒಂದು ಹೆಣದ ಮುಖ ನೋಡಿರಲಿಲ್ಲ.

ಊರಿಗೆಲ್ಲ ಅಕ್ಕನ ಹಾಗಿದ್ದುದರಿಂದ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಚೇಡತ್ತಿ ಎಂದೇ ಕರೆಯುತ್ತಿದ್ದರು. ಚರ್ಚಿನ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಅವರದು. ಯಾರಾದರೂ ತೀರಿಕೊಂಡು ಸಾವಿನ ಗಂಟೆ ಬಿತ್ತೆಂದರೆ ಹೆಗಲಿಗೊಂದು ಟವೆಲು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಮುಂಬಾಗಿಲಿನ ಕಡೆ ತಿರುಗಿಯೂ ನೋಡದೆ, ಮನೆಯನ್ನು ಸುತ್ತುಹಾಕಿ, ಹಿತ್ತಿಲ ಬಾಗಿಲಿನಿಂದ ನೇರ ಅಡುಗೆಮನೆಗೆ ಹೋಗುತ್ತಿದ್ದರು. ಮಣ್ಣು ಮಾಡಿ ಬಂದವರಿಗೆ ಕಂಜಿ, ಹೆಸರುಕಾಳಿನ ಪಲ್ಯ. ಆ ಗಂಜಿಯನ್ನು ಚೇಡತ್ತಿಯ ಹಾಗೆ ಕಾಯಿಸುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಪೆಟ್ಟಿಗೆಯನ್ನು ಅಂಗಳಕ್ಕೆ ತರುವ ಹೊತ್ತಿಗೆ ಅವರು ಬಾವಿಕಟ್ಟೆಯ ಮೇಲಿರುತ್ತಿದ್ದರು. ಮನೆಯ ಪಾತ್ರೆಗಳೆಲ್ಲ ತುಂಬಿದ್ದರೂ ನೀರು ಸೇದುತ್ತಲೇ ಇರುತ್ತಿದ್ದರು.

"ಪೆಣ್ಣಮ್ಮಾ, ನೀನು ಸತ್ತ ದಿನ ಏನೇ ಮಾಡ್ತೀಯಾ? ನಿನ್ನ ಮುಖ ನೋಡಿ ನೀನೇ ಎದ್ದು ಓಡ್ತೀಯೇನೋ!" ಎಂದು ಹೆಂಗಸರು ಕಾಡುತ್ತಿದ್ದರು.

"ಅದಲ್ಲ ನಂಗೆ ಚಿಂತೆ. ಅವತ್ತು ಕಂಜಿ ಯಾರು ಮಾಡ್ತಾರೆ? ನೀವೆಲ್ಲ ಸೇರ್ಕೊಂಡು ಉಪ್ಪು ಸುರಿದುಬಿಡ್ತೀರಿ."

ನಮ್ಮಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಒಬ್ಬೊಬ್ಬರಾಗಿ ಸತ್ತವರ ಹಣೆಗೆ ಕೊನೆಯ ಮುತ್ತು ಕೊಡಬೇಕು. ಆಮೇಲೆ ಶಿಲುಬೆಯ ಗುರುತಿರುವ ಬಿಳಿಯ ಬಟ್ಟೆಯೊಂದನ್ನು ಮುಖಕ್ಕೆ ಹೊದಿಸುತ್ತಾರೆ. ಮುಖವಸ್ತ್ರ ಒಮ್ಮೆ ಬಿತ್ತೆಂದರೆ ಬಿತ್ತು. ಅದನ್ನು ಮತ್ತೆ ಯಾರೂ ಎತ್ತುವ ಹಾಗಿಲ್ಲ. ಪೆಣ್ಣಮ್ಮ ಚೇಡತ್ತಿಗೆ ಏಳು ವರ್ಷವಿದ್ದಾಗ ಅವರ ಅಣ್ಣ ಹೊಳೆಯ ಪಾಲಾಗಿ ಮೂರನೆಯ ದಿನ ಸಿಕ್ಕಿದ್ದನಂತೆ. ಯಾರೋ ಚಿಕ್ಕಪ್ಪ ಅವರನ್ನು ಎತ್ತಿ ಹಿಡಿದು, "ಅಣ್ಣಂಗೆ ಮುತ್ತು ಕೊಡು" ಎಂದಿದ್ದರು. ಇಷ್ಟು ಮಾತ್ರ ಒಮ್ಮೆ ನನ್ನ ಬಳಿ ಹೇಳಿದ್ದರು. ಹೇಳಿ, "ಅದು ನಮ್ಮಣ್ಣನ ಮುಖ ಆಗಿರ್ಲಿಲ್ಲ ಕೊಚ್ಚೇ" ಎಂದು ನಿಲ್ಲಿಸಿದ್ದರು. ಕೊಚ್ಚೇ ಎಂದರೆ ಮಗೂ ಎಂದು. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದರೂ ಅವರಿಗೆ ಕೊಚ್ಚೇ. ಗಂಡ ತೀರಿಕೊಂಡಾಗಲೂ ಅವರು ಕಣ್ಣು ಮುಚ್ಚಿಕೊಂಡೇ ಮುತ್ತು ಕೊಟ್ಟದ್ದು. ತುಟಿ ತಗುಲಿದ್ದು ಹಣೆಗೋ ದಿಂಬಿಗೋ ಅವರಿಗೇ ತಿಳಿಯದು.

ರೋಗದ ಎರಡನೆಯ ಬೇಸಿಗೆಯಲ್ಲಿ ನಮ್ಮ ಇಗರ್ಜಿಯ ಗಂಟೆ ಒಂದು ತಿಂಗಳಲ್ಲಿ ಒಂಬತ್ತು ಸಲ ಮೊಳಗಿತು. ಹೆಣಗಳು ಜಿಪ್ಪು ಹಾಕಿದ ಚೀಲದಲ್ಲಿ ಬರುತ್ತಿದ್ದವು. ಹತ್ತಡಿ ಗುಂಡಿ. ಮನೆಯವರು ಮನೆಯೊಳಗೇ ಬಂದಿ. ಮುತ್ತೂ ಇಲ್ಲ, ಮುಖವಸ್ತ್ರವೂ ಇಲ್ಲ. ಹೆಣ ಹೊರಲು ಎಂಟು ಗಂಡಸರು ಹೆಸರು ಕೊಟ್ಟಿದ್ದರು. ಒಂದು ಭಾನುವಾರ ನಮ್ಮ ಪಾದ್ರಿ ಕುರಿಯಾಕೋಸ್ ಅಚ್ಚನ್ ಚರ್ಚಿನ ಅಂಗಳದಲ್ಲಿ ಹೆಂಗಸರನ್ನೆಲ್ಲ ದೂರದೂರ ನಿಲ್ಲಿಸಿ, ನಮ್ಮ ಅಮ್ಮಂದಿರನ್ನು ಕೊನೆಗೆ ಮುಟ್ಟುವವರು ಬರಿಯ ಗಂಡಸರಾಗಿದ್ದಾರೆ, ಒಬ್ಬ ಹೆಂಗಸಾದರೂ ಬೇಡವೇ ಎಂದು ಕೇಳಿದರು.

ಹಲಸಿನ ಮರದಿಂದ ಹಣ್ಣೊಂದು ಬಿದ್ದು ಒಡೆಯಿತು. ಆ ಸದ್ದಿಗೆ ಎಲ್ಲರೂ ಬೆಚ್ಚಿದರು. ತಿರುಗಿ ನೋಡಿದರೆ ಪೆಣ್ಣಮ್ಮ ಚೇಡತ್ತಿ ಕೈಯೆತ್ತಿದ್ದರು.

"ಚೇಡತ್ತೀ, ಇದು ಕಂಜಿ ಕೆಲಸ ಅಲ್ಲ" ಎಂದರು ಅಚ್ಚನ್, ಮೆಲ್ಲಗೆ.

"ಗೊತ್ತು ಅಚ್ಚೋ. ಕಂಜಿ ಕುಡಿಯೋಕೆ ಈಗ ಯಾರೂ ಬರಲ್ಲ ಅಲ್ವಾ. ಸುಮ್ನೆ ಕೂತಿದೀನಿ."

ಯಾರೋ ನಕ್ಕರು. ನಗುವುದನ್ನೇ ಮರೆತಿದ್ದ ದಿನಗಳವು.

ಮನೆಗೆ ಹೋಗುವ ದಾರಿಯಲ್ಲಿ, ಹೆದರಿಕೆ ಹೋಯಿತೇ ಎಂದು ನಾನು ಕೇಳಿದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಎಲ್ಲಿ ಹೋಗುತ್ತೆ? ರಾತ್ರಿಯೆಲ್ಲ ಪ್ರಾರ್ಥನೆ ಮಾಡ್ದೆ. ಕರ್ತನ ಹತ್ರ ಒಂದು ಒಪ್ಪಂದ ಮಾಡ್ಕೊಂಡಿದೀನಿ. ಹೊರೋದು ನಾನು, ನೋಡೋದು ನೀನು ಅಂತ. ಚೀಲ ಹೇಗೂ ಮುಚ್ಚಿರುತ್ತೆ. ಕಾಲಿನ ಕಡೆ ಹಿಡೀತೀನಿ."

ಮದುವೆಯಾಗದ ಹುಡುಗಿಯರು ಹೆಣ ಮುಟ್ಟಬಾರದೆಂದು ಅಚ್ಚನ್ ಹೇಳಿದ್ದರಿಂದ ನನಗೆ ಸಿಕ್ಕಿದ್ದು ಔಷಧದ ಪಂಪು. ರಬ್ಬರ್ ತೋಟಕ್ಕೆ ಮದ್ದು ಹೊಡೆಯುವ ಪಂಪಿನಲ್ಲಿ ಬ್ಲೀಚಿಂಗ್ ನೀರು ತುಂಬಿ ಬೆನ್ನಿಗೆ ಕಟ್ಟಿಕೊಂಡು ಅವರ ಹಿಂದೆ ಹೋಗುತ್ತಿದ್ದೆ. ಮೊದಲಿನ ನಾಲ್ವರು ಹೆಂಗಸರನ್ನು ಚೇಡತ್ತಿ ಕಾಲಿನ ಕಡೆಯಿಂದಲೇ ಹೊತ್ತರು. ಮೈಯೆಲ್ಲ ಮುಚ್ಚುವ ಪ್ಲಾಸ್ಟಿಕ್ ಕಿಟ್ಟಿನೊಳಗಿಂದ ಅವರ ದನಿ ಮಾತ್ರ ಕೇಳುತ್ತಿತ್ತು. "ಕುರಿಯೇಲಾಯ್ಸೋನ್, ಕುರಿಯೇಲಾಯ್ಸೋನ್." ಕರ್ತನೇ ಕರುಣಿಸು ಎಂಬ ನಮ್ಮ ಹಳೆಯ ಮೊರೆ ಅದು. ಹೆಣ ಗುರುತಿಸಿ ಸಹಿ ಹಾಕುವ ಕೆಲಸ, ಆ ಎಂಟು ಗಂಡಸರಲ್ಲೊಬ್ಬನಾದ, ಜೀಪು ಓಡಿಸುವ ಬೇಸಿಲ್‌ನದಾಗಿತ್ತು.

ಐದನೆಯವರು ರಾಹೇಲಮ್ಮಚ್ಚಿ.

ಅವರ ಗಂಡ ಉತುಪ್ಪಪ್ಪಚ್ಚನ್ ಚರ್ಚಿನ ಕೆಳಗಿನ ತಿರುವಿನಲ್ಲಿ ಮೇಕೆ ಸಾಕಿಕೊಂಡಿರುವ ಮುದುಕ. ಇಬ್ಬರಿಗೂ ರೋಗ ಬಂದು, ಅವರಿಗೆ ಮನೆಯಲ್ಲೇ ವಾಸಿಯಾಗಿ, ರಾಹೇಲಮ್ಮಚ್ಚಿಯನ್ನು ಪೇಟೆಗೆ ಕರೆದೊಯ್ದಿದ್ದರು. ಆಸ್ಪತ್ರೆ ತುಂಬಿದ್ದರಿಂದ ಪಕ್ಕದ ಮದುವೆ ಮಂಟಪವನ್ನೇ ವಾರ್ಡು ಮಾಡಿದ್ದರು. ವಧುವರರ ವೇದಿಕೆಯ ಮೇಲೆ ಆಕ್ಸಿಜನ್ ಸಿಲಿಂಡರುಗಳು, ಕೆಳಗೆ ಸಾಲುಸಾಲು ಮಂಚ.

ಅಲ್ಲಿಗೆ ಹೋಗುವಾಗ ರಾಹೇಲಮ್ಮಚ್ಚಿ ಮಂತ್ರಕೋಡಿಯನ್ನೂ ಒಯ್ದಿದ್ದರು. ತಾಳಿ ಕಟ್ಟಿದ ಮೇಲೆ ಗಂಡ ಹೆಂಡತಿಯ ತಲೆಗೆ ಹೊದಿಸುವ ರೇಷ್ಮೆ ಸೀರೆ ಅದು. ನಮ್ಮ ಹೆಂಗಸರು ಅದನ್ನು ಆಯುಷ್ಯವಿಡೀ ಪೆಟ್ಟಿಗೆಯಲ್ಲಿ ಕಾಪಿಟ್ಟು, ಸತ್ತಾಗ ಮತ್ತೆ ಉಡುತ್ತಾರೆ. ಆ ವರ್ಷ, ಹೋದವರು ಉಡಿಸಿಕೊಳ್ಳಲು ಮನೆಗೆ ಮರಳುವುದಿಲ್ಲವೆಂದು ಗೊತ್ತಾಗಿದ್ದರಿಂದ, ಮುದುಕಿಯರು ಸೋಪು ಟವೆಲಿನ ಜೊತೆ ಮಂತ್ರಕೋಡಿಯನ್ನೂ ಚೀಲಕ್ಕೆ ಹಾಕಿಕೊಂಡು ಆಂಬುಲೆನ್ಸ್ ಹತ್ತುತ್ತಿದ್ದರು. ರಾಹೇಲಮ್ಮಚ್ಚಿಯದು ಈರುಳ್ಳಿ ಸಿಪ್ಪೆಯ ಬಣ್ಣದ್ದು. ಪ್ರತಿವರ್ಷ ಈಸ್ಟರ್ ಆದ ವಾರ ಅವರು ಅದನ್ನು ಅಂಗಳದಲ್ಲಿ ಬಿಸಿಲಿಗೆ ಹರವುತ್ತಿದ್ದರು. ಒಂದು ವರ್ಷ ಅವರದೇ ಮೇಕೆ ಅಂಚನ್ನು ಕಚ್ಚಿ ತಿಂದು, ಊರಿಗೆ ಊರೇ ಕೂಡಿ ನಕ್ಕಿತ್ತು. ಅಲ್ಲಿ ಹಸಿರು ನೂಲಿನ ತೇಪೆ ಇದೆ.

ಅಂದು ಬೆಳಿಗ್ಗೆ ಹತ್ತು ಗಂಟೆಗೆ ಮಂಟಪದಿಂದ ಫೋನ್ ಬಂತು. ಮನೆಯವರು ಯಾರೂ ಬರುವ ಹಾಗಿರಲಿಲ್ಲ. ನಾವು ಹೋದೆವು. ಬೇಸಿಲ್ ಕಾಗದಪತ್ರದ ಸಾಲಿನಲ್ಲಿ ನಿಂತಿದ್ದ. ಕೈಕಾಲು ತೊಳೆಯುವ ಹಿಂಬದಿಯ ಶೆಡ್ಡಿನಲ್ಲಿ ಸ್ಟ್ರೆಚರಿನ ಮೇಲೆ ಚೀಲ. ಎರಡು ರಾತ್ರಿ ನಿದ್ದೆಗೆಟ್ಟ ಮುಖದ ಸಿಬ್ಬಂದಿಯೊಬ್ಬ ಚೇಡತ್ತಿಯನ್ನು ಕರೆದ.

"ನೀವು ಅವರ ಊರಿನವ್ರಾ? ನೋಡಿ ಸಹಿ ಹಾಕಿ. ಬೇಗ."

ಅವನು ಜಿಪ್ಪನ್ನು ಎದೆಯವರೆಗೆ ಎಳೆದ. ನಾನು ಬಾಗಿಲಲ್ಲಿ ಪಂಪು ಹೊತ್ತು ನಿಂತಿದ್ದೆ. ಅಲ್ಲಿಂದ ನನಗೆ ಕಂಡದ್ದು ಈರುಳ್ಳಿ ಬಣ್ಣದ ರೇಷ್ಮೆ, ಅದರ ಹಸಿರು ತೇಪೆ, ಚೇಡತ್ತಿಯ ಬೆನ್ನು. ಅವರ ತಲೆ ಸೀರೆಯ ಕಡೆ ಬಾಗಿತ್ತು. ಅದಕ್ಕಿಂತ ಒಂದು ಗೇಣೂ ಮೇಲೆ ಹೋಗಲಿಲ್ಲ.

"ರಾಹೇಲಮ್ಮಚ್ಚಿಯೇ" ಎಂದರು. ಸಹಿ ಹಾಕಿದರು. ಜಿಪ್ಪು ಮುಚ್ಚಿತು.

ಬೇಸಿಲ್ ಊರಿಗೆ ಫೋನ್ ಮಾಡಿದ. ನಾವು ಹೊಳೆಯ ಸೇತುವೆ ದಾಟುವಾಗಲೇ ಸಾವಿನ ಗಂಟೆ ಕೇಳಿತು.

ಸಂಜೆ ನಾಲ್ಕಕ್ಕೆ ಚೀಲವನ್ನು ಗುಂಡಿಯ ಪಕ್ಕ ಇಳಿಸಿದರು. ಮೋಡ ತಗ್ಗಿ ರಬ್ಬರ್ ಮರಗಳ ತುದಿಗೆ ತಾಗಿಕೊಂಡಿತ್ತು. ಸಮಾಧಿ ತೋಟದ ಗೋಡೆಯಾಚೆ ಹತ್ತಿಪ್ಪತ್ತು ಜನ. ಹಗ್ಗದ ಈಚೆಗೆ ಬರಲು ಅಪ್ಪಣೆಯಿದ್ದದ್ದು ಉತುಪ್ಪಪ್ಪಚ್ಚನಿಗೆ ಮಾತ್ರ. ಅವರು ಬಿಳಿ ಮುಂಡು ಉಟ್ಟು, ಬಿಳಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಮಡಿಸಿದ ಮುಖವಸ್ತ್ರವಿತ್ತು.

ಅಚ್ಚನ್ ಪ್ರಾರ್ಥನೆ ಮುಗಿಸಿದರು. ಹಗ್ಗ ಹಾಕಿ ಇಳಿಸಬೇಕು. ಆಗ ಮುದುಕ ಮಾತಾಡಿದರು.

"ಅಚ್ಚೋ, ಮುತ್ತು ಕೊಡೋ ಹಾಗಿಲ್ಲ ಅಂತ ಗೊತ್ತು. ನಾನು ಕೇಳಲ್ಲ. ಇದನ್ನ ಅವಳ ಮುಖದ ಮೇಲೆ ಹಾಕ್ಬಿಡಿ. ನಲವತ್ತೊಂಬತ್ತು ವರ್ಷ ನನ್ನ ಜೊತೆ ಇದ್ದವಳು. ಮುಖ ಮುಚ್ಚದೆ ಮಣ್ಣಿಗೆ ಹಾಕ್ಬೇಡಿ."

ಅಚ್ಚನ್ ಆಗಲೆಂದು ತಲೆಯಾಡಿಸಿದರು. ಬೇಸಿಲ್ ಮುಂದೆ ಬಂದ.

"ನೀನು ಬೇಡ ಮಗಾ" ಎಂದರು ಮುದುಕ. "ಹೆಂಗಸು ಹಾಕ್ಲಿ. ಅದಕ್ಕೇ ಅಲ್ವಾ ಪೆಣ್ಣಮ್ಮ ಬಂದಿರೋದು?"

ಚೇಡತ್ತಿ ಕಾಲಿನ ಕಡೆ ನಿಂತಿದ್ದರು. ನಿಂತೇ ಇದ್ದರು. ಬೇಸಿಲ್ ಬಟ್ಟೆಯನ್ನು ತಂದು ಅವರ ಕೈಗೆ ಕೊಟ್ಟ. ಅವರು ಅದರ ಮಡಿಕೆ ಬಿಚ್ಚಲಿಲ್ಲ. ಗೋಡೆಯಾಚೆ ಯಾರೋ, "ಪಾಪ, ಅವಳ ಕೈಲಾಗಲ್ಲ, ಬಿಟ್ಬಿಡಿ" ಎಂದರು. ಇನ್ನೊಬ್ಬರು, "ಹಾಗಾದ್ರೆ ಯಾಕೆ ಬರ್ಬೇಕಿತ್ತು?" ಎಂದರು.

"ಅಚ್ಚೋ" ಎಂದರು ಚೇಡತ್ತಿ. ಮಾಸ್ಕಿನೊಳಗಿಂದ ಬಂದ ದನಿ ಬೇರೆ ಯಾರದೋ ಎಂಬಂತಿತ್ತು. "ಕರ್ತನ ಸಮಾಧಿಗೆ ಪರಿಮಳದೆಣ್ಣೆ ತಗೊಂಡು ಹೋದ ಹೆಂಗಸರು ಇದ್ರಲ್ಲ. ಅವರೂ ಹೆದರಿದ್ರಾ?"

"ಹೆದರಿದ್ರು ಚೇಡತ್ತೀ. ತುಂಬ ಹೆದರಿದ್ರು."

"ಆದ್ರೂ ಒಳಗೆ ಬಗ್ಗಿ ನೋಡಿದ್ರಾ?"

"ನೋಡಿದ್ರು."

ಚೇಡತ್ತಿ ಒಂದು ಕ್ಷಣ ಕಣ್ಣು ಮುಚ್ಚಿದರು. ಅವರ ತುಟಿ ಅಲ್ಲಾಡುತ್ತಿದ್ದುದು ಮಾಸ್ಕಿನ ಮೇಲೆ ಕಾಣಿಸುತ್ತಿತ್ತು. ನನಗೆ ಹತ್ತಿರವಿದ್ದುದರಿಂದ ಕೇಳಿಸಿತು. "ಆ ಒಪ್ಪಂದ ಬೇಡ. ನೀನು ನೋಡ್ತಿರೋದನ್ನ ನಂಗೂ ತೋರ್ಸು." ಅಷ್ಟೇ. ಆಮೇಲೆ ಕಣ್ಣು ತೆರೆದು, ಚೀಲದ ಉದ್ದಕ್ಕೂ ನಡೆದು, ತಲೆಯ ಕಡೆ ಮೊಣಕಾಲೂರಿ ಕೂತರು. ಜಿಪ್ಪನ್ನು ಅವರೇ ಎಳೆದರು. ಬಾಗಿ ನೋಡಿದರು.

ಬಹಳ ಹೊತ್ತು ನೋಡಿದರು. ಬಟ್ಟೆ ಕೈಯಲ್ಲೇ ಇತ್ತು.

"ಹಾಕು ಪೆಣ್ಣಮ್ಮಾ" ಎಂದರು ಉತುಪ್ಪಪ್ಪಚ್ಚನ್.

"ಇಲ್ಲಿಲ್ಲ" ಎಂದರು ಚೇಡತ್ತಿ.

"ಏನಿಲ್ಲ?"

"ಅವರು ಇಲ್ಲಿಲ್ಲ ಅಪ್ಪಚ್ಚಾ. ರಾಹೇಲಮ್ಮಚ್ಚಿ ಇಲ್ಲಿಲ್ಲ."

ಭಯಕ್ಕೆ ಅವರ ಬುದ್ಧಿ ಕಲಕಿಹೋಯಿತು ಎಂದೇ ನಾನು ಎಣಿಸಿದೆ. ಬೇಸಿಲ್ ಎರಡು ಹೆಜ್ಜೆ ಮುಂದೆ ಬಂದು ಚೀಲದೊಳಗೆ ನೋಡಿದ. ನೋಡಿ ಹಿಂದಕ್ಕೆ ಸರಿದ. ಅವನ ಕಾಲಡಿಯ ಮಣ್ಣು ಗುಂಡಿಗೆ ಜಾರಿ, ತಳದ ನೀರಿಗೆ ಬಿದ್ದ ಸದ್ದಾಯಿತು. ನಾನೂ ನೋಡಿದೆ. ಕಪ್ಪಗಿನ ಸಣ್ಣ ಮುಖ. ಮೂಗಿನ ಎರಡೂ ಬದಿ ಮೂಗುತಿ. ಗಲ್ಲದ ಮೇಲೆ ಹಸಿರು ಹಚ್ಚೆಯ ಚುಕ್ಕೆ. ನಮ್ಮ ಊರಿನ ಯಾವ ಮುದುಕಿಯೂ ಮೂಗು ಚುಚ್ಚಿಸಿಕೊಂಡವಳಲ್ಲ. ಈರುಳ್ಳಿ ಬಣ್ಣದ ಮಂತ್ರಕೋಡಿ ಕೊರಳವರೆಗೆ ಬಂದು, ಗಲ್ಲದ ಕೆಳಗೆ ಒಪ್ಪವಾಗಿ ಮಡಿಸಿಕೊಂಡಿತ್ತು.

ಗೋಡೆಯಾಚೆಯ ಜನ ಏನಾಯಿತೆಂದು ತಿಳಿಯದೆ ಕತ್ತು ಚಾಚಿದರು. ಉತುಪ್ಪಪ್ಪಚ್ಚನ್ ಹಗ್ಗ ದಾಟಿ ಬಂದರು. ಯಾರೂ ತಡೆಯಲಿಲ್ಲ. ನೋಡಿದರು. ಅಗೆದು ಹಾಕಿದ್ದ ಹಸಿಮಣ್ಣಿನ ರಾಶಿಯ ಮೇಲೆ, ಬಿಳಿ ಮುಂಡು ಉಟ್ಟುಕೊಂಡೇ ಕುಸಿದು ಕೂತರು.

"ಹಾಗಾದ್ರೆ ಅವಳೆಲ್ಲಿ?" ಎಂದರು.

ಚೇಡತ್ತಿ ಎದ್ದು ನಿಂತರು. "ನಂಗೊತ್ತಿಲ್ಲ. ಬೆಳಿಗ್ಗೆ ನಾನು ಮುಖ ನೋಡ್ಲಿಲ್ಲ. ಸೀರೆ ನೋಡಿ ಸಹಿ ಹಾಕ್ದೆ. ಬೇಸಿಲ್ದು ಏನೂ ತಪ್ಪಿಲ್ಲ. ನಂದು." ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

"ಅಯ್ಯೋ ಕರ್ತನೇ, ಗಂಟೆ ಬಾರಿಸಿ ಆಗಿದೆಯಲ್ಲೋ!" ಎಂದು ಗೋಡೆಯಾಚೆಯಿಂದ ಗಂಟೆ ಬಾರಿಸುವ ಮುದುಕ ಕೂಗಿಕೊಂಡ. ಬದುಕಿರುವವರಿಗೆ ಸಾವಿನ ಗಂಟೆ ಬಾರಿಸುವುದು ನಮ್ಮಲ್ಲಿ ಹಿಂದೆಂದೂ ಕೇಳದ ಅಪಶಕುನ. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು.

ಅಚ್ಚನ್ ಮಂಟಪಕ್ಕೆ ಫೋನ್ ಹಚ್ಚಿದರು. ಐದು ಸಲ ಯಾರೂ ಎತ್ತಲಿಲ್ಲ. ಆರನೆಯ ಸಲ ನರ್ಸೊಬ್ಬಳು ಎತ್ತಿದಳು. ಅಚ್ಚನ್ ಹೇಳಿದ್ದು ಅವಳಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಅವಳು ನಡೆಯುವ ಸದ್ದು, ಯಾರೋ ಕೆಮ್ಮುವುದು, ಯಂತ್ರವೊಂದು ಕೂಗುವುದು ಎಲ್ಲ ಫೋನಿನಿಂದ ಸಮಾಧಿ ತೋಟದೊಳಗೆ ಕೇಳಿಸಿತು.

"ಹದಿನಾಲ್ಕು ರಾಹೇಲಮ್ಮ. ಅವರು ಹೋದ್ರು. ಹದಿನೈದರಲ್ಲಿ ಪೊನ್ನುತ್ತಾಯಿ ಇದ್ದಾರೆ" ಎಂದಳು. ಆಮೇಲೆ ದನಿ ಬದಲಾಯಿತು. "ಅಮ್ಮಚ್ಚೀ, ಇಲ್ಲಿ ನೋಡಿ. ನಿಮ್ಮ ಹೆಸ್ರೇನು? ಮಾತಾಡಬೇಡಿ, ತಲೆ ಆಡ್ಸಿ. ಪೊನ್ನುತ್ತಾಯಿನಾ? ಅಲ್ವಾ?" ಯಂತ್ರ ಇನ್ನೊಮ್ಮೆ ಕೂಗಿತು. "ದೇವ್ರೇ. ರಾಹೇಲಮ್ಮನಾ?"

ಪಕ್ಕದ ಮಂಚದ ಪೊನ್ನುತ್ತಾಯಿಗೆ ಉಸಿರುಗಟ್ಟಿ ಕಿಟಕಿ ಬೇಕೆಂದಾಗ ರಾಹೇಲಮ್ಮಚ್ಚಿ ತನ್ನ ಮಂಚ ಬಿಟ್ಟುಕೊಟ್ಟಿದ್ದರು. ಚಳಿಯೆಂದಾಗ ತನ್ನ ಮಂತ್ರಕೋಡಿಯನ್ನೇ ತೆಗೆದು ಹೊದಿಸಿದ್ದರು. ಬೆಳಗಿನ ಪಾಳಿಯವರು ಮಂಚದ ಚೀಟಿ ನೋಡಿದರು, ನಾವು ಸೀರೆ ನೋಡಿದೆವು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆಗ ಕೇಳಿಸಿದ್ದು ಆಕ್ಸಿಜನ್ ಮಾಸ್ಕಿನೊಳಗಿನ ಉಸಿರಾಟ ಮಾತ್ರ, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಎಳೆದಂತೆ. ಅದರ ನಡುವೆ ಒಡೆದ ದನಿಯೊಂದು ಬಂತು.

"ಮೇಕೆ... ಕಟ್ಟಿದಾನಾ... ಕೇಳು."

ಉತುಪ್ಪಪ್ಪಚ್ಚನ್ ಮಾಡಿದ ಸದ್ದನ್ನು ಅಳು ಎನ್ನಲಾರೆ, ನಗು ಎನ್ನಲಾರೆ. "ಕಟ್ಟಿದೀನಿ ಕಣೇ! ಕಟ್ಟಿದೀನಿ!" ಎಂದು ಅಚ್ಚನ್ ಹಿಡಿದಿದ್ದ ಫೋನಿಗೆ ಕೂಗಿದರು. ಗೋಡೆಯಾಚೆಯ ಜನ ಒಮ್ಮೆಗೇ ಮಾತಾಡತೊಡಗಿದರು. ಯಾರೋ ಸ್ತೋತ್ರ ಎಂದರು, ಯಾರೋ ಬಿಕ್ಕಿದರು.

ಆಮೇಲೆ ಮುದುಕ ಎದ್ದು ಚೇಡತ್ತಿಯ ಮುಂದೆ ಬಂದು ನಿಂತರು. ಕೈಯೆತ್ತುತ್ತಾರೆ ಎಂದುಕೊಂಡೆ.

"ಆರು ಗಂಟೆ ಹೊತ್ತು ನನ್ನ ಹೆಂಡ್ತೀನ ಸಾಯಿಸಿಟ್ಟಿದ್ದೆಯಲ್ಲೇ ನೀನು."

"ಹೌದು ಅಪ್ಪಚ್ಚಾ."

ಮುದುಕ ಮುಖವಸ್ತ್ರಕ್ಕಾಗಿ ಕೈ ಚಾಚಿದರು. ಚೇಡತ್ತಿ ಅದನ್ನು ಕೊಟ್ಟರು. ಆಗ ಅಚ್ಚನ್ನೇ, "ಇದನ್ನ ಆ ತಾಯಿಗೇ ಹೊದಿಸ್ಬಹುದಲ್ಲ" ಎಂದರು.

"ಬೇಡ ಅಚ್ಚೋ. ಮುಚ್ಚೋದು ಬೇಡ. ಅವರ ಮನೆಯವರು ಇನ್ನೂ ನೋಡಿಲ್ಲ" ಎಂದರು ಚೇಡತ್ತಿ.

ಆಗಲೇ ನಮ್ಮೆಲ್ಲರಿಗೂ ಹೊಳೆದದ್ದು. ನಮ್ಮದಲ್ಲವೆಂದು ನಾವು ಸಂತೋಷಪಡುತ್ತಿದ್ದ ಸಾವು, ಬೇರೆ ಯಾರ ಮನೆಗೋ ಹೋಗಬೇಕಾದದ್ದು. ಅಲ್ಲಿಗೆ ಅದಿನ್ನೂ ತಲುಪಿಲ್ಲ.

"ಆಸ್ಪತ್ರೆಯವರು ಫೋನ್ ಮಾಡಿ ತಿಳಿಸ್ತಾರಂತೆ" ಎಂದ ಬೇಸಿಲ್.

"ನಮ್ಗೆ ತಿಳಿಸಿದ್ದೂ ಫೋನಲ್ಲೇ ಅಲ್ವಾ?" ಎಂದರು ಚೇಡತ್ತಿ. "ನಾನು ಹೋಗ್ತೀನಿ. ಸಹಿ ಹಾಕಿದವಳು ನಾನು."

ಆಂಬುಲೆನ್ಸು ಮುಂದೆ, ಅದರ ಹಿಂದೆ ನಮ್ಮ ಜೀಪು. ಒಂದು ಗಂಟೆಯ ದಾರಿ. ಸಮಾಧಿಯ ಬಳಿ ಗಟ್ಟಿಯಾಗಿದ್ದ ಚೇಡತ್ತಿ ಜೀಪಿನಲ್ಲಿ ನಡುಗತೊಡಗಿದರು. ಹಲ್ಲಿಗೆ ಹಲ್ಲು ತಾಗುವ ಸದ್ದು ಕೇಳುತ್ತಿತ್ತು.

"ಬೇಡ ಚೇಡತ್ತೀ. ವಾಪಸ್ ಹೋಗೋಣ. ಅಚ್ಚನ್ ಬರ್ತಾರೆ" ಎಂದೆ.

"ಸತ್ತವರ ಮುಖ ಏನೂ ಮಾಡಲ್ಲ ಕೊಚ್ಚೇ. ಐವತ್ತು ವರ್ಷ ಸುಮ್ನೆ ಹೆದರಿದ್ದೆ. ಈಗ ಬದುಕಿರೋ ಮುಖ ನೋಡ್ಬೇಕಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಕರ್ತ ಹತ್ರ ಇದಾನೆ. ಗೊತ್ತು ನಂಗೆ. ಆದ್ರೂ ನಡುಕ ನಿಲ್ತಿಲ್ಲ. ನಿಲ್ದಿದ್ರೆ ನಡುಗ್ತಾನೇ ಹೇಳ್ತೀನಿ" ಎಂದರು.

ಮಂಟಪದ ಗೇಟಿಗೆ ಹೋದಾಗ ಇನ್ನೂ ಬೆಳಕಿತ್ತು. ಆಸ್ಪತ್ರೆಯವರ ಫೋನ್ ಆ ಮನೆಗೆ ಹೋಗಿರಲಿಲ್ಲ. ಕೊಟ್ಟಿದ್ದ ನಂಬರು ತೋಟದ ಆಫೀಸಿನದು, ಅದು ಮುಚ್ಚಿತ್ತು. ಕಾವಲಿನವ ಮರದ ಕೆಳಗೆ ಕೂತಿದ್ದ ಗಂಡಸೊಬ್ಬನನ್ನು ತೋರಿಸಿದ. "ಪೊನ್ನುತ್ತಾಯಿ ಮಗ. ಶುಡಲೈ ಅಂತ. ಮೇಲಿನ ಟೀ ತೋಟದವ್ನು. ಒಂಬತ್ತು ದಿನದಿಂದ ಇಲ್ಲೇ ಇದಾನೆ."

ಮೂವತ್ತರ ಆಸುಪಾಸಿನವನು. ಬೆಟ್ಟದ ಚಳಿಗೆ ಹಾಕುವ ಟೋಪಿ ಇನ್ನೂ ಜೇಬಿನಲ್ಲಿತ್ತು. ಪಕ್ಕದಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ. ಕಿಟ್ಟು ತೊಟ್ಟ ಹೆಂಗಸು ತನ್ನ ಕಡೆ ಬರುವುದನ್ನು ಕಂಡು ದಡಬಡಿಸಿ ಎದ್ದ. ಚೇಡತ್ತಿಯನ್ನು ವಾರ್ಡಿನವರೆಂದುಕೊಂಡಿದ್ದ.

"ಅಕ್ಕಾ, ಒಳಗಿಂದ ಬಂದ್ರಾ? ಹದಿನೈದು ನಂಬರು. ಅಮ್ಮ ಹೇಗಿದಾರೆ? ಬೆಳಿಗ್ಗೆ ಕಂಜಿ ಪೂರಾ ಕುಡಿದ್ರಂತಲ್ಲ!" ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. "ನೋಡಿ, ಖಾಲಿ ಬಂದಿದೆ. ಒಂಬತ್ತು ದಿನದಲ್ಲಿ ಇವತ್ತೇ ಮೊದಲು. ದಿನಾ ಹಾಗೇ ವಾಪಸ್ ಬರ್ತಿತ್ತು. ಇವತ್ತು ತಳ ಕೂಡ ಬಳಿದು ಕುಡಿದಿದಾರೆ."

ಆ ಕಂಜಿಯನ್ನು ಕುಡಿದವರು ರಾಹೇಲಮ್ಮಚ್ಚಿ.

ಚೇಡತ್ತಿ ಮುಖದ ಮುಂದಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆದರು. ಮಾಸ್ಕನ್ನೂ ತೆಗೆದರು. ತೆಗೆಯಬಾರದಾಗಿತ್ತು, ಆದರೆ ತೆಗೆದರು. ತನ್ನ ಮುಖವನ್ನು ಅವನಿಗೆ ಕಾಣುವಂತೆ ಹಿಡಿದು, ಎರಡು ಮಾರು ದೂರದಲ್ಲಿ ನಿಂತರು.

"ನಾನು ಇಲ್ಲಿಯವಳಲ್ಲ ಮಗಾ. ಇಲಂಜಿಪ್ಪಾರದಿಂದ ಬಂದೆ. ಪೆಣ್ಣಮ್ಮ ಅಂತ. ಆ ಕಂಜಿ ಕುಡಿದಿದ್ದು ನಿಮ್ಮಮ್ಮ ಅಲ್ಲ. ಬೇರೆ ಅಮ್ಮಚ್ಚಿ. ಇಬ್ಬರೂ ಮಂಚ ಬದಲಾಯಿಸ್ಕೊಂಡಿದ್ರು. ನಿಮ್ಮಮ್ಮ ಬೆಳಗಾಗೋ ಹೊತ್ತಿಗೆ ತೀರ್ಕೊಂಡ್ರು."

ಅವನು ನಕ್ಕ. ನಿಜವಾಗಿ ನಕ್ಕ. "ಇಲ್ಲಕ್ಕಾ. ನಿಮ್ಗೆ ಯಾರೋ ತಪ್ಪು ಹೇಳಿದಾರೆ. ಡಬ್ಬಿ ನೋಡಿ."

"ತಪ್ಪು ಮಾಡಿದ್ದು ನಾನು. ನಮ್ಮೂರಿನವರು ಅಂದ್ಕೊಂಡು, ಮುಖ ನೋಡದೆ ಸಹಿ ಹಾಕಿ, ನಿಮ್ಮಮ್ಮನ್ನ ಇಪ್ಪತ್ತೈದು ಮೈಲಿ ದೂರ ತಗೊಂಡು ಹೋದೆ. ವಾಪಸ್ ಕರ್ಕೊಂಡು ಬಂದಿದೀನಿ."

ಅವನ ಕಣ್ಣು ಆಂಬುಲೆನ್ಸಿನ ಕಡೆ ಹೋಗಿ, ಅಲ್ಲಿ ನಿಲ್ಲಲಾರದೆ ಮರಳಿ ಬಂತು. ಮುಚ್ಚಳವನ್ನು ಡಬ್ಬಿಗೆ ಹಾಕಲು ನೋಡಿದ. ಅದು ಕೂರಲಿಲ್ಲ.

"ಮೂಗುತಿ ಇತ್ತಾ?" ಎಂದು ಕೇಳಿದ.

"ಎರಡೂ ಕಡೆ."

"ಗಲ್ಲದ ಮೇಲೆ—"

"ಹಸಿರು ಚುಕ್ಕೆ. ಇಲ್ಲಿ." ಚೇಡತ್ತಿ ತನ್ನ ಗಲ್ಲದ ಮೇಲೆ ಬೆರಳಿಟ್ಟು ತೋರಿಸಿದರು.

ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗನಿಸಿತು. ಕೆಂಪು ಬೆಳಕು ಮಂಟಪದ ಹೆಬ್ಬಾಗಿಲಿನ ಬಣ್ಣದ ಕಾಗದದ ಹೂಗಳ ಮೇಲೆ ಬಿದ್ದಿತ್ತು. ಯಾವುದೋ ಹಳೆಯ ಮದುವೆಯವು, ಯಾರೂ ತೆಗೆದಿರಲಿಲ್ಲ.

"ಚೆನ್ನಾಗಿ ನೋಡಿದ್ರಾ ಅಕ್ಕಾ?"

"ಬೆಳಿಗ್ಗೆ ನೋಡಿರ್ಲಿಲ್ಲ. ಆಮೇಲೆ ಚೆನ್ನಾಗಿ ನೋಡ್ದೆ."

"ಹೇಗಿದ್ರು? ತುಂಬ... ತುಂಬ ಒದ್ದಾಡಿದ ಹಾಗಿತ್ತಾ?"

ಮೂವತ್ತು ವರ್ಷ ಬಾವಿಯ ಕಡೆ ಮುಖ ತಿರುಗಿಸಿದ ಹೆಂಗಸು ನೆನಪು ಮಾಡಿಕೊಂಡು, ಅವಸರವಿಲ್ಲದೆ ಹೇಳಿದರು. "ಹಣೆ ಗಂಟಿಕ್ಕಿರ್ಲಿಲ್ಲ. ಬಾಯಿ ಒಂಚೂರು ತೆರೆದಿತ್ತು, ಬಲಗಡೆ. ತುಟಿ ಒಣಗಿತ್ತು. ತಲೆ ಬಾಚಿ ಜಡೆ ಹಾಕಿದ್ರು ಯಾರೋ. ಬೈತಲೆ ನೆಟ್ಟಗಿತ್ತು. ಎಡಗಣ್ಣಿನ ಹತ್ರ ಒಂದು ಹಳೇ ಗಾಯದ ಕಲೆ."

"ಟೀ ಗಿಡದ ಕೊಂಬೆ ಹೊಡೆದಿದ್ದು" ಎಂದ ಅವನು. ಆಮೇಲೆ ಮುಖ ಮುಚ್ಚಿಕೊಂಡ.

ಚೇಡತ್ತಿ ಕಾದರು. ಅವನು ತಲೆಯೆತ್ತಿದ ಮೇಲೆ, ಕಾಗದ ಸರಿಮಾಡಿಸಿ ಇದೇ ಆಂಬುಲೆನ್ಸಿನಲ್ಲಿ ಮೇಲಿನ ತೋಟಕ್ಕೇ ಹೋಗಬಹುದೆಂದೂ, ಬೇಸಿಲ್ ಅದಕ್ಕಾಗಿಯೇ ಒಳಗೆ ಹೋಗಿದ್ದಾನೆಂದೂ, ಬೇಕೆಂದರೆ ತಾನೂ ಜೊತೆಗೆ ಬರುವೆನೆಂದೂ ಹೇಳಿದರು. ಅವನು ತಲೆಯಾಡಿಸಿದ. ಆಂಬುಲೆನ್ಸಿನ ಹಿಂಬಾಗಿಲಿನವರೆಗೆ ಬಂದ. ಅಲ್ಲಿ ನಿಂತ.

"ನನ್ ಕೈಲಾಗಲ್ಲ ಅಕ್ಕಾ. ನಂಗೆ ಹೆದರಿಕೆ."

"ಗೊತ್ತು ಮಗಾ. ನಾನು ತೆಗೀತೀನಿ. ನೀನು ಮೊದ್ಲು ನನ್ನ ಕೈ ಮಾತ್ರ ನೋಡು. ಆಮೇಲೆ ನಿಂಗೆ ಆದಾಗ ನೋಡು."

ಮಾಸ್ಕು ಹಾಕಿಕೊಂಡು ಹತ್ತಿದರು. ತಲೆಯ ಕಡೆ ಕೂತು ಜಿಪ್ಪು ಎಳೆದು, ಚೀಲದ ಎರಡೂ ಅಂಚನ್ನು ಅಗಲಿಸಿ ಹಿಡಿದರು. ಅವನು ಅವರ ಕೈಗಳನ್ನು ನೋಡಿದ. ಅವು ನಡುಗುತ್ತಲೇ ಇದ್ದವು. ಆಮೇಲೆ ಮೆಲ್ಲಗೆ, ಮೆಟ್ಟಿಲು ಇಳಿಯುವವನ ಹಾಗೆ, ಅವನ ಕಣ್ಣು ಕೆಳಗಿಳಿಯಿತು.

"ಅಮ್ಮಾ" ಎಂದ.

ಡ್ರೈವರು ಬಂದು, ಮಳೆ ಬರುತ್ತದೆ, ಘಾಟಿ ಹತ್ತಬೇಕು, ಮುಚ್ಚಿ, ಹೊರಡೋಣ ಎಂದ. ಮತ್ತೊಮ್ಮೆ ಬಂದು ಅದನ್ನೇ ಹೇಳಿದ. ಪೆಣ್ಣಮ್ಮ ಚೇಡತ್ತಿ ತಲೆಯೆತ್ತಲಿಲ್ಲ.

"ತಡಿಯಪ್ಪಾ" ಎಂದರು. "ಅವನು ನೋಡಿ ಮುಗಿಸ್ಲಿ."